ಕುರುವೂ ನಾಚಿಕೆಯೂ
ಕಂಕುಳಲ್ಲೋ ತೊಡೆಸಂದಿನಲ್ಲೋ ಕುರು ಎದ್ದರೆ ನೋವಿನೊಡನೆ ನಾಚಿಕೆಯೂ ಕಾಡುತ್ತದೆ. ಕೈಯಲ್ಲಿ ಹಣವಿಲ್ಲದೆ, ಆರೋಗ್ಯ ವಿಮೆಯೂ ಇಲ್ಲದೆ ಇದ್ದವರು ಅದನ್ನು ಮುಚ್ಚಿಟ್ಟುಕೊಂಡೇ ದಿನ ನೂಕುತ್ತಾರೆ. ಕುರುವಿನೊಳಗೆ ನಡೆಯುವುದನ್ನು ಅರಿತರೆ ಈ ತಡ ಎಷ್ಟು ಅಪಾಯಕರವೆಂಬುದು ತಿಳಿಯುತ್ತದೆ.

ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ದ್ರಾಕ್ಷಿಗೊಂಚಲಿನಂತಿದ್ದ ಜೀವಾಣುಗಳನ್ನು ಕಂಡನು. 1882ರಲ್ಲಿ ಅವಕ್ಕೆ ಸ್ಟಫೈಲೊಕಾಕಸ್ ಎಂದು ಹೆಸರಿಟ್ಟನು. ಎಷ್ಟೋ ಮಂದಿಯ ಮೂಗಿನಲ್ಲಿಯೂ ಚರ್ಮದ ಮೇಲೆಯೂ ಇವು ಸಾಮಾನ್ಯವಾಗಿ ಇರುವುದರಿಂದ ಕುರುವಿಗಾಗಿ ನಾಚಬೇಕಾದುದಿಲ್ಲ. ಇವು ಚರ್ಮದೊಳಕ್ಕೆ ನುಗ್ಗಿದಾಗ ರಕ್ತದ ಬಿಳಿಯ ಕಣಗಳು ಎದುರಿಸುತ್ತವೆ. ಆ ಹೋರಾಟದಲ್ಲಿ ಮಡಿದ ಕಣಗಳೂ ಜೀವಾಣುಗಳೂ ಸೇರಿ ಕೀವಾಗುತ್ತದೆ. ದೇಹವು ಅದರ ಸುತ್ತ ಗೋಡೆ ಕಟ್ಟಿ ಸೋಂಕನ್ನು ತಡೆಯುತ್ತದೆ. ಆದರೆ ನುಂಗಿದ ಔಷಧವೂ ಆ ಗೋಡೆಯನ್ನು ದಾಟಿ ಚೆನ್ನಾಗಿ ಒಳಸೇರಲಾರದು. ಆದುದರಿಂದ ದೊಡ್ಡ ಕುರುವಿನ ಕೀವನ್ನು ಹೊರತೆಗೆಯಲೇಬೇಕು.

ಹಿಸುಕಿದರೆ ಸೋಂಕು ಒಳಕ್ಕೆ ಹರಡೀತು. ವೈದ್ಯರು ಮರಗಟ್ಟಿಸುವ ಮದ್ದು ಚುಚ್ಚಿ ಸೀಳುವುದು ಸಣ್ಣ ಕೆಲಸ. ನಮ್ಮಲ್ಲಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋದರೆ ವಿಮೆಯಿಲ್ಲದವರಿಗೂ ಇದು ಅಲ್ಪ ವೆಚ್ಚದಲ್ಲಿ ಆಗುತ್ತದೆ. ಜ್ವರ ಬಂದರೆ, ಸುತ್ತಲ ಕೆಂಪು ಹರಡಿದರೆ, ಕುರು ಮುಖದ ಮೇಲೆ ಎದ್ದಿದ್ದರೆ, ರೋಗಿಗೆ ಮಧುಮೇಹವಿದ್ದರೆ ಅಂದೇ ಹೋಗಬೇಕು. ನಂಜು ರಕ್ತಕ್ಕೇರಿದ ಮೇಲೆ ವೆಚ್ಚವೂ ಹೆಚ್ಚು, ಪ್ರಾಣಭಯವೂ ಉಂಟು.