ಹೊಸ ರಿಂಗ್ ಹಾಕಿದರೂ ಮತ್ತೆ ಹೊಗೆ ಯಾಕ್ರಿ?

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನವರೆಗೆ ಬಸ್ ಕಾಯುವವರು ಈ ನೋಟ ಕಂಡಿರುತ್ತಾರೆ: ಮೋಟರ್ ಸೈಕಲ್ ಹೋಯಿತು, ಹಿಂದೆ ನೀಲಿ ಹೊಗೆ ಉಳಿಯಿತು. "ರಿಂಗ್ ಹೋಗ್ಯಾವ" ಅಂತ ನಿಂತವರೇ ತೀರ್ಪು ಕೊಡುತ್ತಾರೆ. ಬುಲೆಟ್ಟಿನ ಮಟ್ಟಿಗೆ ಈ ಸಂಶಯ ಸರಿ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಯೆಜ್ಡಿ, ಪೆಟ್ರೋಲಿನ ಜೊತೆ ಆಯಿಲ್ ಕುಡಿಯುವ ಗಾಡಿ. ಹೊಗೆ ಅದರ ಹುಟ್ಟುಗುಣ. ಕಿಕ್ ಹಗುರಾಯಿತೋ, ಆಗ ಚಿಂತೆ ಮಾಡಬೇಕು.

ಗಿರಾಕಿಗೆ ಅವಸರ. "ರಿಂಗ್ ಅಷ್ಟೇ ಹಾಕಿ ಸಂಜಿಗೆ ಕೊಡ್ರಿ" ಎನ್ನುತ್ತಾನೆ. ಎಡವಟ್ಟು ಇಲ್ಲೇ. ಸಿಲಿಂಡರ್ ಸವೆದು ಗುಂಡಗಿನ ಆಕಾರವೇ ಕೆಟ್ಟಿದ್ದರೆ ಹೊಸ ರಿಂಗು ಏನು ಮಾಡೀತು? ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ನೇ ಹಾಕಬೇಕು.

ರಿಂಗನ್ನು ಮೊದಲು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನಿಂದ ನೆಟ್ಟಗೆ ನೂಕಿ, ತುದಿಗಳ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. 70 ಮಿ.ಮೀ. ಬೋರಿನ 350 ಬುಲೆಟ್ಟಿಗೆ ಕಾಲು ಮಿ.ಮೀ. ಆಸುಪಾಸು. ಸಂದು ಸಾಲದಿದ್ದರೆ ರಿಂಗು ಕಾವಿಗೆ ಹಿಗ್ಗಿ, ತುದಿಗೆ ತುದಿ ಒತ್ತಿ, ಸಿಲಿಂಡರ್ ಗೀರುತ್ತದೆ. ಅಲ್ಲಿಗೆ ಬೋರಿನ ದುಡ್ಡು ನೀರುಪಾಲು.

ಯೆಜ್ಡಿ ಪಿಸ್ಟನ್ನಿನಲ್ಲಿ ರಿಂಗು ಕೂರುವ ಕಡೆ ಪುಟ್ಟ ಪಿನ್ನಿದೆ. ತುದಿಗಳು ಅದರ ಆಚೀಚೆ ಕೂರಬೇಕು. ಪಿನ್ನಿನ ಮೇಲೇರಿದ ರಿಂಗಿಗೆ ಸಿಲಿಂಡರ್ ಒತ್ತಿದರೆ ಟಕ್ಕಂತ ಮುರಿಯಿತು. ಕ್ರ್ಯಾಂಕ್ ಬಾಯಿಗೆ ಬಟ್ಟೆ ತುರುಕುವುದನ್ನೂ ಮರೆಯಬಾರದು; ಸರ್‌ಕ್ಲಿಪ್ ಒಳಗೆ ಬಿದ್ದರೆ ಇಂಜಿನ್ ಪೂರಾ ಬಿಚ್ಚುವ ಪಾಳಿ.

ಗಾಡಿ ಕೈಗೆ ಬಂದ ದಿನವೇ ಮೂವರನ್ನು ಹೇರಿಕೊಂಡು ಲಿಂಗಸುಗೂರಿಗೆ ಹೊರಡುವ ಶೂರರೂ ಇದ್ದಾರೆ. ಮೊದಲ ಕೆಲವು ನೂರು ಕಿ.ಮೀ. ಸಾವಕಾಶ ಓಡಿಸಬೇಕು. ಏರ್ ಫಿಲ್ಟರನ್ನಂತೂ ತೆಗೆದೆಸೆಯಬಾರದು. ಈ ಸೀಮೆಯ ಧೂಳು ಹೊಸ ರಿಂಗನ್ನೂ ಅರೆದು ತಿನ್ನುತ್ತದೆ.