ಹಳೆ ಫ್ರೇಮಿಗೆ ಹೊಸ ಲೆನ್ಸ್: ಖರ್ಚು ಉಳಿಸಿ, ಕಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಬೇಡ



ಮನೆಯ ಡ್ರಾಯರ್ ಒಮ್ಮೆ ತೆಗೆದು ನೋಡಿ. ಒಂದೆರಡು ಹಳೆ ಕನ್ನಡಕ ಸಿಕ್ಕೇ ಸಿಗುತ್ತವೆ. ಫ್ರೇಮ್ ಗಟ್ಟಿಯಾಗಿಯೇ ಇರುತ್ತದೆ. ಲೆನ್ಸಿಗೆ ಗೀರು ಬಿದ್ದಿರುತ್ತದೆ, ಇಲ್ಲವೇ ನಂಬರ್ ಬದಲಾಗಿರುತ್ತದೆ. ಅಂಗಡಿಗೆ ಹೋದರೆ "ಫ್ರೇಮ್ ಹಳೇದಾಯ್ತು, ಹೊಸ ಸೆಟ್ಟೇ ತಗೊಳ್ಳಿ" ಎನ್ನುತ್ತಾರೆ. ಬೆಲೆ ಕೇಳಿದ ಮೇಲೆ "ಮುಂದಿನ ತಿಂಗಳು ನೋಡೋಣ" ಎಂದು ವಾಪಸ್ ಬರುತ್ತೇವೆ. ಆ ಮುಂದಿನ ತಿಂಗಳು ಬರುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ.

ಅಷ್ಟು ದಿನ ತೊಂದರೆ ಅನುಭವಿಸುವವರು ಯಾರು? ರಾತ್ರಿ ಬೈಕ್ ಓಡಿಸುವಾಗ ಎದುರಿನ ಲೈಟು ಒಡೆದು ಕಾಣುವ ನೀವು. ಮಾತ್ರೆಯ ಹೆಸರು ಓದಲಾಗದ ಅಮ್ಮ. ಸಾತಪುರ, ಅಂಬಡ್, ವಾಳೂಜ್ ಕಾರ್ಖಾನೆಗಳಲ್ಲಿ ಅಳತೆ ಓದುವ ನಮ್ಮ ಊರಿನ ಹುಡುಗರು. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ಒಂದು ಅಧ್ಯಯನ ನಡೆದಿತ್ತು. 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಸರಳ ಕನ್ನಡಕ ಪಡೆದವರ ಕೆಲಸ, ಪಡೆಯದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಿತ್ತು. ಸರಿಯಾದ ಕನ್ನಡಕ ದುಡಿಮೆಯ ಪ್ರಶ್ನೆಯೂ ಹೌದು.

ನೆನಪಿಡಬೇಕಾದ ಮಾತು ಒಂದೇ: *ಕಣ್ಣಿಗೆ ಕೆಲಸ ಮಾಡುವುದು ಲೆನ್ಸ್. ಫ್ರೇಮ್ ಅದನ್ನು ಸರಿಯಾದ ಜಾಗದಲ್ಲಿ ಹಿಡಿದುಕೊಳ್ಳುತ್ತದೆ, ಅಷ್ಟೇ.* ಫ್ರೇಮ್ ಚೆನ್ನಾಗಿದ್ದರೆ ಲೆನ್ಸ್ ಮಾತ್ರ ಬದಲಾಯಿಸಿಕೊಳ್ಳಬಹುದು.

*1. ಮೊದಲು ನಂಬರ್, ಆಮೇಲೆ ಅಂಗಡಿ*

"ಹಳೆ ಲೆನ್ಸಿನ ನಂಬರ್ ಮಷೀನಿನಲ್ಲಿ ಓದಿ ಅದನ್ನೇ ಹಾಕಿಕೊಡ್ತೀವಿ" ಎಂದು ಕೆಲವು ಅಂಗಡಿಯವರು ಹೇಳುತ್ತಾರೆ. ಇತ್ತೀಚೆಗೆ ತಪಾಸಣೆಯಾಗಿದ್ದು, ಲೆನ್ಸಿಗೆ ಗೀರು ಮಾತ್ರ ಬಿದ್ದಿದ್ದರೆ ಇದು ಸರಿ. ತಪಾಸಣೆಯಾಗಿ ಒಂದೆರಡು ವರ್ಷವಾಗಿದ್ದರೆ, ಹಳೆ ನಂಬರಿಗೆ ಹೊಸ ಲೆನ್ಸ್ ಹಾಕಿಸುವುದು ದುಡ್ಡು ದಂಡ.

ನಾಸಿಕದಲ್ಲಿರುವವರು ತ್ರ್ಯಂಬಕ ರಸ್ತೆಯ ಸಿವಿಲ್ ಆಸ್ಪತ್ರೆಗೆ ಹೋಗಬಹುದು. ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ 2023ರ ಆಗಸ್ಟ್ 15ರಿಂದ ತಪಾಸಣೆ, ಚಿಕಿತ್ಸೆ ಉಚಿತ. ಸಂಭಾಜಿನಗರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. "ಘಾಟಿ" ಎಂದರೆ ಯಾವ ರಿಕ್ಷಾದವರಿಗೂ ಗೊತ್ತು. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಆದರೆ ನಂಬರಿನ ಜೊತೆಗೆ ಡಾಕ್ಟರು ಕಣ್ಣನ್ನೂ ನೋಡುತ್ತಾರೆ.

ಎರಡು ಎಚ್ಚರಿಕೆ:
• ಸಕ್ಕರೆ ಕಾಯಿಲೆ ಇದ್ದು ಶುಗರ್ ಏರಿಳಿತದಲ್ಲಿದ್ದರೆ ನಂಬರೂ ಏರಿಳಿಯುತ್ತದೆ. ಶುಗರ್ ಹತೋಟಿಗೆ ಬಂದ ಮೇಲೆ ನಂಬರ್ ತೆಗೆಸಿ.
• ಪೊರೆಯ ಆಪರೇಷನ್ ಆಗಿದ್ದರೆ ಡಾಕ್ಟರು ಹೇಳಿದಷ್ಟು ದಿನ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕಾಯ್ದು ಆಮೇಲೆ ಲೆನ್ಸ್ ಮಾಡಿಸಿ.

*2. ಫ್ರೇಮ್ ತಾಳುತ್ತದೆಯೇ? ಮನೆಯಲ್ಲೇ ನೋಡಿಕೊಳ್ಳಿ*

• ಕನ್ನಡಕವನ್ನು ತಲೆಕೆಳಗಾಗಿ ಮೇಜಿನ ಮೇಲೆ ಇಡಿ. ಅಲುಗಾಡಿದರೆ ಫ್ರೇಮ್ ಸೊಟ್ಟಗಾಗಿದೆ. ಅಂಗಡಿಯಲ್ಲಿ ಸರಿಮಾಡಿಸಬಹುದು.
• ಕಡ್ಡಿ ಸೇರುವ ಜಾಗದಲ್ಲಿ, ಮೂಗಿನ ಸೇತುವೆಯಲ್ಲಿ ಬಿರುಕು ಇದ್ದರೆ ಆ ಫ್ರೇಮ್ ಬಿಟ್ಟುಬಿಡಿ.
• ಪ್ಲಾಸ್ಟಿಕ್ ಫ್ರೇಮ್ ಬೆಳ್ಳಗೆ ಬಿಳಿಚಿಕೊಂಡಿದ್ದರೆ ಒಣಗಿದೆ ಎಂದರ್ಥ. ಲೆನ್ಸ್ ಕೂರಿಸಲು ಅದನ್ನು ಬಿಸಿ ಮಾಡಬೇಕಾಗುತ್ತದೆ, ಆಗ ಒಡೆಯಬಹುದು.
• ಮೆಟಲ್ ಫ್ರೇಮಿಗೆ ಹಸಿರು ಕಿಲುಬು ಹಿಡಿದು ಚರ್ಮ ಕೆರೆಯುತ್ತಿದ್ದರೆ ಬದಲಾಯಿಸಿ.
• ಮೂಗಿನ ಪ್ಯಾಡು, ಸ್ಕ್ರೂ, ಅರ್ಧ ಫ್ರೇಮಿನ ನೈಲಾನ್ ದಾರ ಇವೆಲ್ಲ ಅಗ್ಗದ ಬಿಡಿಭಾಗಗಳು. ಇವು ಹೋಗಿವೆ ಎಂದು ಫ್ರೇಮ್ ಎಸೆಯಬೇಡಿ.
• ಪೂರ್ತಿ ರಿಮ್‌ಲೆಸ್ ಆದರೆ ಲೆನ್ಸಿಗೇ ತೂತು ಕೊರೆಯಬೇಕು. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ತೂತಿನ ಹತ್ತಿರ ಸೀಳುತ್ತದೆ. ಗಟ್ಟಿ ಲೆನ್ಸ್ ಬೇಕಾಗುವುದರಿಂದ ಖರ್ಚು ಹೆಚ್ಚು.

ಇನ್ನೊಂದು ಮಾತು: ದಿನವೂ ಹಾಕುವ ಕನ್ನಡಕವನ್ನೇ ಅಂಗಡಿಗೆ ಕೊಟ್ಟರೆ ಅದು ಬರುವವರೆಗೆ ನೀವು ಕುರುಡು. ಡ್ರಾಯರಿನ ಎರಡನೇ ಫ್ರೇಮನ್ನು ಕೊಡಿ.

*3. ಯಾವ ಲೆನ್ಸ್ ಸಾಕು?*

ಖರ್ಚು ಏರುವುದು ಇಲ್ಲಿಯೇ. ಅಂಗಡಿಯಲ್ಲಿ ಹತ್ತು ಹೆಸರು ಹೇಳುತ್ತಾರೆ. ನಿಮಗೆ ತಿಳಿದಿರಬೇಕಾದದ್ದು ಇಷ್ಟು:

• *ಸಾಮಾನ್ಯ ಪ್ಲಾಸ್ಟಿಕ್ (ಸಿಆರ್-39):* ನಂಬರ್ 3ರೊಳಗೆ ಇದ್ದರೆ ಬಹುತೇಕ ಜನರಿಗೆ ಇದೇ ಸಾಕು. ಎಲ್ಲಕ್ಕಿಂತ ಅಗ್ಗ, ನೋಟವೂ ಸ್ವಚ್ಛ.
• *ಪಾಲಿಕಾರ್ಬೊನೇಟ್:* ಸುಲಭಕ್ಕೆ ಒಡೆಯುವುದಿಲ್ಲ. ಮಕ್ಕಳಿಗೆ ಮತ್ತು ಒಂದೇ ಕಣ್ಣಿನಲ್ಲಿ ದೃಷ್ಟಿ ಇರುವವರಿಗೆ ಇದನ್ನೇ ಹಾಕಿಸಿ. ಗ್ರೈಂಡಿಂಗ್, ವೆಲ್ಡಿಂಗ್ ಕೆಲಸಕ್ಕೆ ಇದೂ ಸಾಲದು, ಸೇಫ್ಟಿ ಗಾಗಲ್ ಬೇಕೇ ಬೇಕು.
• *ತೆಳು ಲೆನ್ಸ್ (1.60, 1.67):* ನಂಬರ್ 4 ದಾಟಿದಾಗ ಮಾತ್ರ ಯೋಚಿಸಿ. ಮೈನಸ್ ನಂಬರಿನ ಲೆನ್ಸ್ ಅಂಚಿನಲ್ಲಿ ದಪ್ಪವಾಗುತ್ತದೆ. ಫ್ರೇಮ್ ಚಿಕ್ಕದಿದ್ದರೆ ಆ ದಪ್ಪ ಅಂಚು ಕತ್ತರಿಸಿ ಹೋಗುತ್ತದೆ, ಅಗ್ಗದ ಲೆನ್ಸಿನಲ್ಲೇ ಕೆಲಸ ಮುಗಿಯುತ್ತದೆ.
• *ಹೊಳಪು ತಡೆಯುವ ಕೋಟಿಂಗ್ (ಎಆರ್‌ಸಿ):* ರಾತ್ರಿ ಗಾಡಿ ಓಡಿಸುವವರಿಗೆ, ಕಂಪ್ಯೂಟರ್ ಮುಂದೆ ಕೂರುವವರಿಗೆ ಉಪಯೋಗವಿದೆ. ಬರೀ ಓದುವ ಕನ್ನಡಕಕ್ಕೆ ಕಡ್ಡಾಯವಲ್ಲ.
• *ಬ್ಲೂ ಕಟ್:* ಇದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವರದಿಯ ಪ್ರಕಾರ, ಮೊಬೈಲ್, ಕಂಪ್ಯೂಟರ್ ನೋಡುವಾಗಿನ ಕಣ್ಣಿನ ಆಯಾಸವನ್ನು ಇದು ಸಾಮಾನ್ಯ ಲೆನ್ಸಿಗಿಂತ ಹೆಚ್ಚೇನೂ ಕಡಿಮೆ ಮಾಡುವಂತೆ ಕಾಣುವುದಿಲ್ಲ.

ಚಾಳೀಸು ಬಂದವರಿಗೆ ಮೂರು ದಾರಿ: ಓದಲು ಮಾತ್ರ ಬೇರೆ ಕನ್ನಡಕ, ಬೈಫೋಕಲ್, ಪ್ರೋಗ್ರೆಸಿವ್. ಮೊದಲನೆಯದು ಅತಿ ಅಗ್ಗ, ಕೊನೆಯದು ಅತಿ ದುಬಾರಿ. ಪ್ರೋಗ್ರೆಸಿವ್ ಹಾಕಿಸುವುದಾದರೆ ಹಳೆ ಫ್ರೇಮಿನ ಎತ್ತರ ಸಾಕಷ್ಟಿರಬೇಕು. ಗಿಡ್ಡ ಫ್ರೇಮಿನಲ್ಲಿ ಕೆಳಗಿನ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ.

*4. ಅಂಗಡಿಯಲ್ಲಿ ಏನು ಕೇಳಬೇಕು?*

ನಾಸಿಕದ ಮೇನ್ ರೋಡ್, ಶಾಲಿಮಾರ್ ಸುತ್ತಮುತ್ತ, ಸಂಭಾಜಿನಗರದ ಗುಲ್‌ಮಂಡಿ, ಪೈಠಣ್ ಗೇಟ್ ಕಡೆಯ ಹಳೆ ಪೇಟೆಯಲ್ಲಿ ಎರಡು ಮೂರು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ. ಮರಾಠಿ ಸರಿಯಾಗಿ ಬಾರದಿದ್ದರೆ ಈ ನಾಲ್ಕು ವಾಕ್ಯ ಸಾಕು. ಪ್ಲಾಸ್ಟಿಕ್ ಲೆನ್ಸಿಗೂ ಅಲ್ಲಿ "ಕಾಚ" ಎಂದೇ ಹೇಳುತ್ತಾರೆ.

"ಜುನ್ಯಾ ಫ್ರೇಮ್‌ಮಧ್ಯೆ ನವೀನ್ ಕಾಚಾ ಬಸವೂನ್ ದ್ಯಾಲ್ ಕಾ?" (ಹಳೆ ಫ್ರೇಮಿಗೆ ಹೊಸ ಲೆನ್ಸ್ ಹಾಕಿಕೊಡ್ತೀರಾ?)
"ನುಸತ್ಯಾ ಕಾಚಾಂಚೆ ಕಿತೀ?" (ಬರೀ ಲೆನ್ಸಿಗೆ ಎಷ್ಟು?)
"ಫ್ರೇಮ್ ತುಟಲೀ ತರ್ ಕಾಯ್?" (ಫ್ರೇಮ್ ಒಡೆದರೆ ಏನು?)
"ಬಿಲಾವರ್ ನಂಬರ್ ಲಿಹೂನ್ ದ್ಯಾ." (ಬಿಲ್ಲಿನ ಮೇಲೆ ನಂಬರ್ ಬರೆದುಕೊಡಿ.)

ಮೂರನೇ ಪ್ರಶ್ನೆಯನ್ನು ಮರೆಯಬೇಡಿ. ಹಳೆ ಫ್ರೇಮ್ ಒಡೆದರೆ ಹೊಣೆ ಗಿರಾಕಿಯದ್ದೇ ಎಂದು ಹಲವರು ಹೇಳುತ್ತಾರೆ. ಮೊದಲೇ ಮಾತಾಡಿಕೊಂಡರೆ ಆಮೇಲೆ ಜಗಳವಿಲ್ಲ. ಲೆನ್ಸ್, ಕೋಟಿಂಗ್, ಫಿಟ್ಟಿಂಗ್ ಮೂರರ ಬೆಲೆಯನ್ನೂ ಬೇರೆ ಬೇರೆ ಕೇಳಿ. ನಂಬರ್ ಕನ್ನಡಕ, ಅದರ ಲೆನ್ಸ್ ಮತ್ತು ಫ್ರೇಮ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿ.

*5. ಪಿಡಿ: ಯಾರೂ ಹೇಳದ, ಆದರೆ ಬಹಳ ಮುಖ್ಯವಾದ ಅಳತೆ*

ಎರಡು ಕಣ್ಣಿನ ಪಾಪೆಗಳ ನಡುವಿನ ದೂರವೇ ಪಿಡಿ. ಲೆನ್ಸಿನ ಮಧ್ಯಬಿಂದು ಪಾಪೆಯ ಎದುರಿಗೇ ಬರಬೇಕು. ಜರುಗಿದರೆ ಲೆನ್ಸ್ ಬೆಳಕನ್ನು ಪಕ್ಕಕ್ಕೆ ಬಾಗಿಸುತ್ತದೆ, ಕಣ್ಣು ಎಳೆದುಕೊಂಡು ನೋಡಬೇಕಾಗುತ್ತದೆ. ನಂಬರ್ ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು. ನಂಬರ್ 1 ಇದ್ದವರಿಗೆ 3 ಮಿಲಿಮೀಟರ್ ಜರುಗಿದರೆ ಗೊತ್ತೇ ಆಗದಿರಬಹುದು. ನಂಬರ್ 4 ಇದ್ದವರಿಗೆ ಅಷ್ಟೇ ಜರುಗಿದರೆ ಎಳೆತ ನಾಲ್ಕು ಪಟ್ಟು, ಸಂಜೆಯಾಗುವಷ್ಟರಲ್ಲಿ ತಲೆನೋವು ಬರಬಹುದು. "ನಂಬರ್ ಸರಿ ಇದೆ, ಆದರೂ ತಲೆ ಸಿಡಿಯುತ್ತೆ" ಎನ್ನುವವರು ಇದನ್ನು ಪರೀಕ್ಷಿಸಿಕೊಳ್ಳಬೇಕು. ಹಾಗಾಗಿ ಫ್ರೇಮ್ ಕೊಟ್ಟು ಹಾಗೆಯೇ ಬರಬೇಡಿ. ಅದನ್ನು ಹಾಕಿಕೊಂಡು ಕುಳಿತು ಪಿಡಿ ಅಳತೆ ಮಾಡಿಸಿ, ಬಿಲ್ಲಿನಲ್ಲಿ ಬರೆಸಿ.

ಕನ್ನಡಕ ಕೈಗೆ ಬಂದಾಗ ಅಂಗಡಿಯಲ್ಲೇ ಮಷೀನಿನಲ್ಲಿ ನಂಬರ್ ತೋರಿಸಲು ಹೇಳಿ, ಚೀಟಿಯ ಜೊತೆ ಹೋಲಿಸಿ. ಒಂದೊಂದೇ ಕಣ್ಣು ಮುಚ್ಚಿ ದೂರದ ಬೋರ್ಡ್ ಓದಿ. ಹೊಸ ನಂಬರಿಗೆ ಕಣ್ಣು ಹೊಂದಿಕೊಳ್ಳಲು ಕೆಲವು ದಿನ ಬೇಕು. ಎರಡು ವಾರವಾದರೂ ತಲೆಸುತ್ತು, ತಲೆನೋವು ನಿಲ್ಲದಿದ್ದರೆ ಬಿಲ್ ಹಿಡಿದು ವಾಪಸ್ ಹೋಗಿ.

*6. ಮಕ್ಕಳ ವಿಷಯ ಬೇರೆ*

ಮಕ್ಕಳ ಮುಖ ಬೆಳೆಯುತ್ತದೆ. ಅಣ್ಣನ ಹಳೆ ಫ್ರೇಮ್ ತಮ್ಮನ ಮೂಗಿನಿಂದ ಜಾರಿದರೆ ಅವನು ಲೆನ್ಸಿನ ಮೇಲಿಂದ ನೋಡುತ್ತಾನೆ, ಕನ್ನಡಕ ಇದ್ದೂ ಇಲ್ಲದಂತೆ. ಚಿಕ್ಕ ವಯಸ್ಸಿನಲ್ಲಿ ಸರಿಯಾದ ಕನ್ನಡಕ ಸಿಗದಿದ್ದರೆ ಒಂದು ಕಣ್ಣು ಸೋಮಾರಿಯಾಗಿಬಿಡಬಹುದು. ಆಮೇಲೆ ಕನ್ನಡಕದಿಂದಲೂ ಅದು ಪೂರ್ತಿ ಸರಿಹೋಗುವುದು ಕಷ್ಟ. ಮಕ್ಕಳಿಗೆ ವರ್ಷಕ್ಕೊಮ್ಮೆ ತಪಾಸಣೆ, ಅಳತೆಗೆ ಸರಿಯಾದ ಫ್ರೇಮ್ ಬೇಕು. ಇಲ್ಲಿ ಉಳಿತಾಯ ನೋಡಬೇಡಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೂ, ಹತ್ತಿರದ ನೋಟ ಕುಂದಿದ ಹಿರಿಯರಿಗೂ ಉಚಿತ ಕನ್ನಡಕ ಕೊಡಲು ಅವಕಾಶವಿದೆ. ಶಾಲೆಯಲ್ಲಿ ಮತ್ತು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕರ್ನಾಟಕ ಸರ್ಕಾರದ ಆಶಾಕಿರಣ ಯೋಜನೆಯ ಬಗ್ಗೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಲು ಹೇಳಿ.

*7. ಇವಕ್ಕೆ ಕನ್ನಡಕ ಮದ್ದಲ್ಲ*

ದಿಢೀರನೆ ನೋಟ ಮಂಕಾಗುವುದು, ಕಣ್ಣಿನಲ್ಲಿ ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚುವುದು, ಪರದೆ ಬಿದ್ದಂತಾಗುವುದು, ಕಣ್ಣು ಕೆಂಪಾಗಿ ಜೋರು ನೋವು ಬರುವುದು: ಇವುಗಳಲ್ಲಿ ಯಾವುದಿದ್ದರೂ ಅಂಗಡಿಗಲ್ಲ, ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. 40 ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಗ್ಲಾಕೋಮಾ ಇರುವವರು ನಂಬರ್ ಸರಿ ಇದ್ದರೂ ಕಣ್ಣಿನ ಒತ್ತಡ ಮತ್ತು ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

*ಕೊನೆಗೆ, ಹೊಸ ಲೆನ್ಸ್ ಬಾಳಬೇಕಾದರೆ:* ಒಣ ಲೆನ್ಸನ್ನು ಅಂಗಿಯ ತುದಿಯಿಂದ, ಸೀರೆಯ ಸೆರಗಿನಿಂದ ಒರೆಸಬೇಡಿ. ಧೂಳೇ ಗೀರು ಹಾಕುತ್ತದೆ. ನೀರಿನಲ್ಲಿ ತೊಳೆದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಮತ್ತೆ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಾರಿನ ಒಳಗೆ ಕನ್ನಡಕ ಬಿಡಬೇಡಿ. ಆ ಬಿಸಿಗೆ ಕೋಟಿಂಗ್ ಬಿರುಕು ಬಿಡುತ್ತದೆ.

ಇಂದೇ ಡ್ರಾಯರ್ ತೆಗೆಯಿರಿ. ಅಮ್ಮನ ಕನ್ನಡಕವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಗೀರುಗಳ ಮೂಲಕ ಅವರು ಎಷ್ಟು ದಿನದಿಂದ ನೋಡುತ್ತಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ಈ ಮಾಹಿತಿ ತಿಳುವಳಿಕೆಗಾಗಿ, ವೈದ್ಯರ ಸಲಹೆಗೆ ಬದಲಿಯಲ್ಲ. ಉಪಯೋಗವಾಗುತ್ತದೆ ಎನಿಸಿದರೆ ಮನೆಯವರಿಗೂ, ಕೆಲಸದ ಜಾಗದ ಗೆಳೆಯರಿಗೂ ಕಳಿಸಿ. 🙏