ಹಾಳೆಯ ಮುಖವಾಡ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯಾಗಲಿ, ಶಿರಸಿ, ಸಿದ್ದಾಪುರಗಳ ಯಾವುದೇ ಊರಾಗಲಿ, ಅಡಕೆ ತೋಟಕ್ಕೆ ಇಳಿದರೆ ಕಾಲಿಗೆ ತೊಡರುವುದು ಉದುರಿದ ಹಾಳೆ. ಹಿಂದೆ ಅದು ಟೊಪ್ಪಿಯಾಗುತ್ತಿತ್ತು, ಕೊಳೆರೋಗ ತಡೆಯಲು ಕೊನೆಗೆ ಕಟ್ಟುವ ಕೊಟ್ಟೆಯಾಗುತ್ತಿತ್ತು. ಈಗ ಊಟದ ತಟ್ಟೆಯಾಗುತ್ತದೆ. ಉಳಿದದ್ದು ಗೊಬ್ಬರಗುಂಡಿಗೆ. ಅದರಲ್ಲಿ ನಾಲ್ಕನ್ನು ಚಿತ್ರಕಲೆಯ ತರಗತಿಗೆ ತನ್ನಿ.

ಒಣ ಹಾಳೆಯನ್ನು ಬಗ್ಗಿಸಿದರೆ ಸೀಳುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿದ್ದು ಹೇಳಿದಂತೆ ಕೇಳುತ್ತದೆ. ಏಕೆ? ನಾರಿನಲ್ಲಿರುವ ಸೆಲ್ಯುಲೋಸ್ ಅಣುಗಳು ಒಂದನ್ನೊಂದು ಹೈಡ್ರೊಜನ್ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ಒಳಹೊಕ್ಕ ನೀರಿನ ಅಣುಗಳು ಇವುಗಳಲ್ಲಿ ಕೆಲವನ್ನು ಬಿಡಿಸಿ ತಾವೇ ನಡುವೆ ಸೇರಿಕೊಳ್ಳುತ್ತವೆ. ನಾರುಗಳಿಗೆ ಜರುಗಲು ಎಡೆ ಸಿಗುತ್ತದೆ. ಈಗ ಹಾಳೆಯನ್ನು ಕವುಚಿಟ್ಟ ಬೋಗುಣಿಯ ಮೇಲೆ ಹೊದಿಸಿ, ಹಗ್ಗದಿಂದ ಬಿಗಿದು ಒಣಗಿಸಿ. ನೀರು ಹೊರಟಂತೆ ಹೊಸ ಸ್ಥಾನದಲ್ಲಿ ಹೊಸ ಬಂಧಗಳು ಏರ್ಪಡುತ್ತವೆ. ಹತ್ತಿಯ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದೂ ಇದೇ ತತ್ತ್ವದಿಂದ.

ಆದರೆ ಹಾಳೆ ಪೂರ್ತಿ ವಿಧೇಯವಲ್ಲ. ನಾರುಗಳು ಉದ್ದಕ್ಕೆ ಸಾಗಿರುವುದರಿಂದ ಅದು ಒಣಗುವಾಗ ಅಗಲದಲ್ಲಿ ಹೆಚ್ಚು ಕುಗ್ಗುತ್ತದೆ. ಒಳಮೈ, ಹೊರಮೈ ಸಮನಾಗಿ ಕುಗ್ಗುವುದಿಲ್ಲ. ತೆಳುವಾದ ಅಂಚು ಮೊದಲು ಒಣಗಿ ಸುರುಳಿಕೊಳ್ಳುತ್ತದೆ. ಹೀಗಾಗಿ ಒಂದೇ ಬೋಗುಣಿಗೆ ಕಟ್ಟಿದರೂ ಎರಡು ಮುಖವಾಡಗಳು ಒಂದೇ ತೆರನಾಗುವುದಿಲ್ಲ.

ನಾವು ಶಿಕ್ಷಕರು ಎಡವುವುದು ಇಲ್ಲೇ. ಒಮ್ಮೆ ನಾನು ತೀರ್ಪುಗಾರನಾಗಿದ್ದ ಪ್ರದರ್ಶನದಲ್ಲಿ ಸಾಲಾಗಿ ಮುಖವಾಡಗಳಿದ್ದವು. ಎಲ್ಲಕ್ಕೂ ಅಂಗಡಿಯ ಎಣ್ಣೆಬಣ್ಣ, ಒಂದೇ ಮೀಸೆ. ಒಂದು ಮಾತ್ರ ಮೇಜಿನ ಕೆಳಗಿತ್ತು. ಹಾಳೆ ಸೊಟ್ಟಗೆ ಒಣಗಿತ್ತು. ಆ ಸೊಟ್ಟನ್ನೇ ಬಾಯಿ ಮಾಡಿ ಹುಡುಗಿಯೊಬ್ಬಳು ಹಲ್ಲುದುರಿದ ತನ್ನ ಅಜ್ಜಿಯನ್ನು ಮೂಡಿಸಿದ್ದಳು. ನಾನು ನೋಡಿದೆ, ಮೆಚ್ಚಿದೆ, ಬಹುಮಾನವನ್ನು ಮಾತ್ರ ಮೀಸೆಗೆ ಕೊಟ್ಟೆ. ಅಂಕಪಟ್ಟಿಯಲ್ಲಿ ‘ಅಚ್ಚುಕಟ್ಟು’ ಎಂಬ ಕಾಲಂ ಇತ್ತು. ಅಜ್ಜಿಗೆ ಕಾಲಂ ಇರಲಿಲ್ಲ.

ಆದ್ದರಿಂದ ಹಗ್ಗ ಬಿಚ್ಚಿದ ಕೂಡಲೇ ಬಣ್ಣ ಕೊಡಬೇಡಿ. ಮುಖವಾಡವನ್ನು ತಿರುಗಿಸಿ ನೋಡಲು ಮಕ್ಕಳಿಗೆ ಒಂದು ತಾಸು ಬಿಡಿ. ಅದು ಯಾರ ಮುಖವೆಂದು ಅವರೇ ನಿರ್ಧರಿಸಲಿ.

ಬಣ್ಣವೂ ಮನೆಯಲ್ಲೇ ಇದೆ. ಅಡಕೆ ಬೇಯಿಸಿ ಉಳಿದ ಚೊಗರು ಕೆಂಗಂದು. ಅದರಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ಬಿಟ್ಟರೆ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಈ ಭಾಗದ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಬಳಸುತ್ತಾರೆ. ಕುಂಚ ಪುಂಡಿ ನಾರಿನದು. ಕಲಿಸಲು ಅವರನ್ನೇ ಶಾಲೆಗೆ ಕರೆಯಬಹುದು.

ಎರಡು ಎಚ್ಚರಿಕೆ: ಹಾಳೆ ಒಳಗೂ ಒಣಗಿರಲಿ, ಇಲ್ಲವಾದರೆ ಮಳೆಗಾಲದಲ್ಲಿ ಬೂಜು ಹಿಡಿಯುತ್ತದೆ. ಕಸವೆಂದು ಹಳೆಯ ಟ್ಯೂಬ್‌ಲೈಟನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಅದರಲ್ಲಿ ಪಾದರಸವಿದೆ.